ಮಾತಾಡಸಾಕ ಬಂದವರು

ನಮ್ಮ ಕಡಿ ಯಾರಿಗರ ಆರಾಮ ಇಲ್ಲ ಅಂದ್ರ ಮಂದಿ ಮಾತಾಡಸಾಕ ಬರ್ತಾರ. ಒಂದು ಬಿಸ್ಕೀಟ್ ಪುಡಿಕಿ, ಇಲ್ಲಾ ಬ್ರೆಡ್ಡು, ಕೈ ಜರಾ ದೊಡ್ಡದಿದ್ದವರು ಸೇಬು, ಎಳನೀರು. ಮಂಚದ ತುದಿಗೆ ಕುಂದರ್ತಾರ, ಹೆಂಗಾತು ಅಂತ ಮೊದಲಿಂದ ಕೊನಿ ತನಕ ಕೇಳ್ತಾರ, ಚಾ ಕುಡೀತಾರ, ಹೋಗ್ತಾರ. ಬರಲಾರದವರನ್ನ ಯಾರೂ ಮರೆಯಂಗಿಲ್ಲ. 'ಅಂಥಾ ಹೊತ್ತಿನ್ಯಾಗ ಒಮ್ಮಿ ಹಣಿಕಿ ಹಾಕಲಿಲ್ಲ ನೋಡು' ಅಂತ ವರ್ಷಾನುಗಟ್ಟಲೆ ಆಡ್ಕೋತಾರ. ಇದು ಕೆಟ್ಟ ಪದ್ಧತಿ ಅಂತ ನಾ ಅನ್ನಂಗಿಲ್ಲ. ನಾನೂ ಎಷ್ಟೋ ಮನಿಗೆ ಪುಡಿಕಿ ಹಿಡ್ಕೊಂಡು ಹೋಗೀನಿ. ಆದ್ರ ನಮ್ಮ ಮನಿಯವರ ತಲಿಗೆ ಪೆಟ್ಟು ಬಿದ್ದ ಮ್ಯಾಲ ನಮ್ಮ ಮನ್ಯಾಗ ಆದದ್ದು ನೆನಸಿದ್ರ ನನಗ ಇವತ್ತಿಗೂ ಹೊಟ್ಟಿ ಉರೀತದ.

ನಮ್ಮ ಮನಿಯವರು ಸರ್ಕಾರಿ ಬಸ್ಸಿನ ಕಂಡಕ್ಟರ್. ಹೆಸರು ಹೇಳಂಗಿಲ್ಲ ಬಿಡ್ರಿ, ಗಂಡನ ಹೆಸರು ಹೇಳೋ ರೂಢಿ ನನಗಿಲ್ಲ. ಶಹಾಪುರದಾಗ ಡಿಪೋ, ಡಿಪೋದ ಹಿಂದಿನ ಓಣ್ಯಾಗ ಬಾಡಿಗಿ ಮನಿ. ಶಹಾಪುರ, ಸುರಪುರ, ಹುಣಸಗಿ, ಈ ದಾರಿ ಮ್ಯಾಲೇ ಅವರ ಡ್ಯೂಟಿ. ಹತ್ತಿದವರನ್ನ ಯಾವೂರು ಅಂತ ಕೇಳ್ತಿದ್ದಿಲ್ಲ, ಮಾರಿ ನೋಡಿ ಟಿಕೀಟು ಕೊಡ್ತಿದ್ರು. ಸೀಟಿಗೆ ಜಗಳಾಡೋ ಹೆಣ್ಮಕ್ಕಳನ್ನ ನಗಿಸಿ ನಗಿಸಿ ಒಂದೇ ಸೀಟಿನ್ಯಾಗ ಮೂರು ಮಂದಿ ಕುಂದರಸ್ತಿದ್ರು. ಮನಿಗೆ ಬಂದ್ರೂ ಬಾಯಿ ನಿಲ್ತಿದ್ದಿಲ್ಲ. ಇವತ್ತು ಯಾರು ಹತ್ತಿದ್ರು, ಯಾರ ಮಗಳು ಬಾಣಂತನಕ್ಕ ಬಂದಾಳ, ಯಾರು ಕೋಳಿ ಚೀಲದಾಗ ಮುಚ್ಚಿಟ್ಟುಕೊಂಡು ಟಿಕೀಟು ತಪ್ಪಿಸಿದ್ರು. 'ಜರಾ ಬಾಯಿಗೆ ಬ್ರೇಕ್ ಹಾಕ್ರಿ, ಅನ್ನ ಆರಾಕತ್ತದ' ಅಂತ ನಾ ಬೈತಿದ್ದೆ. ಎಷ್ಟು ಸಲ ಬೈದೀನೋ ಏನೋ, ಹುಚ್ಚಿ ನಾನು.

ಅವರ ಬಸ್ಸಿಗೆ ಒಬ್ಬರೇ ಡ್ರೈವರ್, ಕಾಯಂ ಜೋಡಿ. ಇಬ್ಬರೂ ಕೂಡಿ ಎಷ್ಟು ವರ್ಷ ದುಡದಾರೋ ಲೆಕ್ಕ ಇಟ್ಟಿಲ್ಲ. ನಾ ಅವರಿಗೆ ಡ್ರೈವರಣ್ಣ ಅಂತಿದ್ದೆ, ಅವರು ನನಗ ತಂಗೆಮ್ಮ ಅಂತಿದ್ರು. ಊರು ಶಿರವಾಳದ ಕಡಿ. ಬೇರೆ ಕೇರಿಯವರು, ಮನ್ಯಾಗ ಬುದ್ಧನ ಫೋಟೋಕ್ಕ ಕೈ ಮುಗಿಯೋ ಮಂದಿ. ಹುಣಸಗಿ ಸ್ಟ್ಯಾಂಡಿನ್ಯಾಗ ಬಸ್ ನಿಲ್ಲಿಸಿ ಇಬ್ಬರೂ ಒಂದೇ ಡಬ್ಬಿ ಒಳಗಿಂದು ಉಣ್ತಿದ್ರು, ನನ್ನ ಶೇಂಗಾ ಹಿಂಡಿ ಅವರಿಗೆ, ಅವರ ಮನಿ ಪುಂಡಿಪಲ್ಯ ಇವರಿಗೆ. ಆದ್ರ ನಮ್ಮ ಮನಿಗೆ ಬಂದ್ರ ಮಾತ್ರ ಡ್ರೈವರಣ್ಣ ಹೊರಗ ಕಟ್ಟಿ ಮ್ಯಾಲೇ ಕುಂದರ್ತಿದ್ರು. ಒಳಗ ಬರ್ರಿ ಅಂತ ನಮ್ಮತ್ತಿ ಅಂದಿದ್ದಿಲ್ಲ, ಬರತೀನಿ ಅಂತ ಅವರೂ ಅಂದಿದ್ದಿಲ್ಲ. ಇವರು ಚಾದ ಕಪ್ಪು ತಗೊಂಡು ತಾವೇ ಹೊರಗ ಹೋಗಿ ಅವರ ಬಾಜೂಕ ಕುಂದರ್ತಿದ್ರು. ನನಗೂ ಅದು ಹಂಗೇ ರೂಢಿ ಆಗಿತ್ತು.

ಆ ವರ್ಷ ಕಾಲುವಿ ನೀರು ಚೊಲೋ ಬಂದಿತ್ತು, ನೆಲ್ಲು ಬಂಪರ್ ಬೆಳದಿತ್ತು. ಕಾಲುವಿ ಬಂದಾಗಿಂದ ನಮ್ಮ ಕಡಿ ಸುಗ್ಗಿಗೆ ಡಾಂಬರ್ ರಸ್ತಾನೇ ಕಣ. ರಸ್ತಾದ ಅರ್ಧಕ್ಕ ನೆಲ್ಲು ಹರವತಾರ, ಗಾಡಿ ಹತ್ತಬಾರದು ಅಂತ ಸುತ್ತ ಕಲ್ಲು ಇಡ್ತಾರ. ನೆಲ್ಲು ತುಂಬಿಕೊಂಡು ಹೋಗ್ತಾರ, ಕಲ್ಲು ಅಲ್ಲೇ ಬಿಡ್ತಾರ. ಒಂದು ರಜಾ ದಿನ ಸಂಜಿಮುಂದ ಇವರು ಸುರಪುರಕ್ಕ ಮಗಳ ಮನಿಗೆ ಹೋಗಿ ಬೈಕ್ ಮ್ಯಾಲ ತಿರುಗಿ ಬರಾಕತ್ತಿದ್ರು. ಗಾಲಿ ಕಲ್ಲಿಗೆ ಬಡೀತು. ಹೆಲ್ಮೆಟ್ ಮನ್ಯಾಗ ಗೂಟಕ್ಕ ತೂಗಾಡಾಕತ್ತಿತ್ತು. ಯಾರ ನೆಲ್ಲು, ಯಾರು ಇಟ್ಟ ಕಲ್ಲು, ದೇವರಿಗೇ ಗೊತ್ತು. ಭಾಳ ದಿನ ನಾ ಆ ಕಲ್ಲಿಟ್ಟ ಕೈಗೆ ಶಾಪ ಹಾಕೀನಿ.

ಕಲಬುರಗಿ ದವಾಖಾನಿಗೆ ಒಯ್ದಾಗ ಎಚ್ಚರ ಇದ್ದಿಲ್ಲ. ತಲಿ ಆಪರೇಷನ್ ಆತು. ಕಣ್ಣು ತೆರೆಯೋತನಕ ನಾ ವಾರ್ಡಿನ ಹೊರಗ ಚಾಪಿ ಹಾಕ್ಕೊಂಡು ಬಿದ್ದಿದ್ದೆ. ಕಣ್ಣು ತೆರೆದ್ರು, ಕೈಕಾಲು ಆಡಸಿದ್ರು, ನನ್ನ ಸೆರಗು ಹಿಡಿದ್ರು. ಅಷ್ಟೇ ಸಾಕು ಶಿವನ ಅಂತ ನಾ ನೆಲಕ್ಕ ಹಣಿ ಹಚ್ಚಿದೆ. ಮನಿಗೆ ಕಳಸೋ ದಿನ ಡಾಕ್ಟರು ಹೇಳಿದ್ರು, "ಗಾಯ ಮಾಯ್ದದ, ಆದ್ರ ಮಿದುಳು ಇನ್ನೂ ಸುಧಾರಿಸಿಲ್ಲ. ನೆನಪು, ಮಾತು, ಸಿಟ್ಟು, ಎಲ್ಲಾ ಏರುಪೇರು ಆಗ್ತದ. ಮೊದಲನೇ ವರ್ಷ ಭಾಳ ಮುಖ್ಯ. ಮಂದಿ ಕಡಿಮಿ ಇರಲಿ, ಗದ್ದಲ ಬ್ಯಾಡ." ಹೌದ್ರಿ ಹೌದ್ರಿ ಅಂತ ಗೋಣು ಹಾಕಿದ್ವಿ. ಮಂದಿ ಕಡಿಮಿ ಅಂದ್ರ ಎಷ್ಟು ಅಂತ ಕೇಳೋ ಬುದ್ಧಿ ನಮಗೆಲ್ಲಿತ್ತು? ಗುಳಿಗಿ ಎಷ್ಟು ಹೊತ್ತಿಗೆ ಅಂತ ಮಾತ್ರ ಕೇಳಿಕೊಂಡು ಬಂದ್ವಿ.

ಬಂದ ದಿನದಿಂದನೇ ಮಂದಿ ಶುರು. ಬಳಗ ಒಂದೇ ಆಗಿದ್ರ ಹೆಂಗೋ ನಡೀತಿತ್ತು. ಇವರು ಕಂಡಕ್ಟರ್, ಇಡೀ ದಾರಿಗೆ ದಾರೀನೇ ಬಂತು. ಸುರಪುರದ ಬಟ್ಟಿ ಅಂಗಡಿಯವರು, ಹುಣಸಗಿ ಅಡತಿ ಅಂಗಡಿಯವರು, ದಿನಾ ಬಸ್ಸಿಗೆ ಬರೋ ಮಾಸ್ತರು, ಕ್ಲಾರ್ಕು, ಮೊಸರು ಮಾರೋ ಮುದುಕಿ. ಒಂದು ಊರಿಂದ ಟಂಟಂ ಗಾಡಿ ಮಾಡಿಕೊಂಡು ಬಂದಿದ್ರು. ನಮ್ಮತ್ತಿಗೆ ಎದಿ ಉಬ್ಬಿ ಬಂತು. "ನೋಡವ್ವಾ, ನನ್ನ ಮಗ ಎಷ್ಟು ಮಂದಿ ಗಳಿಸ್ಯಾನ" ಅಂತ ಕಣ್ಣೀರು ಒರಸ್ಕೋತ ಎಲ್ಲರನ್ನೂ ಮಂಚದ ತನಕ ತಾನೇ ಕರ್ಕೊಂಡು ಹೋಗ್ತಿದ್ದಳು. ನಾ ಒಲಿ ಮುಂದ ಚಾ ಕುದಿಸಿ ಕುದಿಸಿ ಸಾಕಾಗಿ ಹೋಗಿದ್ದೆ. ನನಗೂ ಒಳಗೊಳಗ ಹೆಮ್ಮಿ ಇತ್ತು, ಸುಳ್ಳು ಯಾಕ ಹೇಳಲಿ.

ಬಂದವರೆಲ್ಲಾ ಕೇಳೋದು ಒಂದೇ ಮಾತು. ಇವರ ಮಾರಿ ಮುಂದ ತಮ್ಮ ಮಾರಿ ತಂದು, ದನಿ ಎತ್ತಿ, ಕಿವುಡರಿಗೆ ಕೇಳಿದಂಗ, "ನಾ ಯಾರು ಹೇಳ್ರಿ ನೋಡೋಣ?" ಇವರು ನೋಡ್ತಿದ್ರು. ಗುರುತು ಹತ್ತಿರ್ತಿತ್ತು, ಹೆಸರು ನಾಲಿಗಿಗೆ ಬರ್ತಿದ್ದಿಲ್ಲ. ಹಣಿ ಮ್ಯಾಲ ಬೆವರು ಬರ್ತಿತ್ತು. "ಗುರ್ತು ಸಿಗವಲ್ದು ಪಾಪ" ಅಂತ ಬಂದವರು ಇವರ ಎದುರಿಗೇ ಅಂದು ಲೊಚಗುಡತಿದ್ರು. ಆಮ್ಯಾಲ ಇನ್ನೊಬ್ಬರು, "ನನ್ನ ಗುರ್ತು ಹಿಡೀತಾರ ತಗೋ, ನಾ ದಿನಾ ಮುಂದಿನ ಸೀಟಿಗೆ ಕುಂದರಾಕಿ!" ಪರೀಕ್ಷಾ ನೋಡ್ರಿ ಇದು, ಮುಂಜಾನಿಂದ ಸಂಜಿತನಕ. ಮಂದಿ ಮಾರಿ ನೋಡಿ ಊರು ಹೇಳೋ ಮನಷ್ಯಾಗ ಇದಕ್ಕಿಂತ ದೊಡ್ಡ ಅವಮಾನ ಇನ್ನೇನು? ಸಂಜಿಮುಂದ ಎಲ್ಲಾರು ಹೋದ ಮ್ಯಾಲ ತಲಿ ಹಿಡಕೊಂಡು ಗ್ವಾಡಿ ಕಡಿ ಹೊಳ್ಳಿ ಮಲಗ್ತಿದ್ರು. ಉಣ್ಣಾಕ ಎಬ್ಬಿಸಿದ್ರ ತಾಟು ನೂಕತಿದ್ರು. ಬಾಯಿಗೆ ಎಂದೂ ಬರಲಾರದ ಬೈಗುಳ ಬರ್ತಿದ್ವು. ನಾವೇನು ತಿಳಕೊಂಡ್ವಿ? ಬ್ಯಾಸರ ಆಗ್ಯಾದ, ಇನ್ನಾ ನಾಕು ಮಂದಿ ಬಂದು ಮಾತಾಡಿಸಿದ್ರ ಹಗುರ ಆಗ್ತಾರ ಅಂತ ತಿಳಕೊಂಡ್ವಿ. ಅಯ್ಯ ನಮ್ಮ ಬುದ್ಧಿಗಿಷ್ಟು.

ಡ್ರೈವರಣ್ಣನೂ ಬರ್ತಿದ್ರು, ವಾರಕ್ಕೊಮ್ಮಿ, ಡ್ಯೂಟಿ ಇಲ್ಲದ ದಿನ. ಇವರನ್ನ ಹೊರಗ ಕಟ್ಟಿಗೆ ಕರ್ಕೊಂಡು ಹೋಗಿ ಕುಂದರಸ್ತಿದ್ದೆ. ಡ್ರೈವರಣ್ಣ 'ನಾ ಯಾರು' ಅಂತ ಒಂದು ದಿನಾನೂ ಕೇಳಲಿಲ್ಲ. ಬಾಜೂಕ ಕುಂತು ಎಲಿ ಅಡಿಕಿ ಹಾಕ್ಕೊಂಡು ತಮ್ಮಷ್ಟಕ್ಕ ತಾವು ಹೇಳ್ತಿದ್ರು, "ಇವತ್ತು ಗೇರ್ ಭಾಳ ತ್ರಾಸ ಕೊಡ್ತು," ಆಮ್ಯಾಲ ಭಾಳೊತ್ತು ಸುಮ್ನ. "ಹೊಸಾ ಕಂಡಕ್ಟರ್‌ಗೆ ಚಿಲ್ಲರ ಕೊಡಾಕ ಬರಂಗಿಲ್ಲ," ಮತ್ತ ಸುಮ್ನ. ಇವರು ರಸ್ತಾದ ಕಡಿ ನೋಡ್ಕೋತ ಕುಂದರ್ತಿದ್ರು. ಒಂದು ದಿನ ತಾವಾಗೇ "ಕ್ಲಚ್ಚು?" ಅಂದ್ರು. "ಅದೂ ಹೋಗ್ಯಾದ" ಅಂದ್ರು ಅವರು. ಆ ದಿನ ಇವರು ಎರಡು ರೊಟ್ಟಿ ಉಂಡು ಶಾಂತ ಮಲಗಿದ್ರು. ನಮ್ಮತ್ತಿ ಮಾತ್ರ ಮೂಗು ಮುರಿದಳು. "ಮಾತಾಡಸಾಕ ಬಂದು ಮಾತೇ ಆಡಂಗಿಲ್ಲಲ್ಲ, ಇದೆಂಥಾ ಬರೋದು?" ಅಂದಳು. ನಾನೂ ಹೂಂ ಅಂದೆ. ಬಂದ ಅಷ್ಟೂ ಮಂದ್ಯಾಗ ಬರಾಬರ್ ಮಾತಾಡಿಸಿದವರು ಅವರೊಬ್ಬರೇ ಅಂತ ನನಗ ಆವಾಗ ತಿಳೀಲಿಲ್ಲ.

ಹಿಂಗಿರೋವಾಗ ಬೀಗರು ಬಂದ್ರು. ಮಗಳನ್ನ ಕೊಟ್ಟ ಮನಿಯವರು, ಸುರಪುರದಾಗ ಕಿರಾಣಿ ಅಂಗಡಿ, ಮಾನವಂತ ಮಂದಿ. ಅವತ್ತು ಆಗಲೇ ನಾಕೈದು ಮಂದಿ ಬಂದು ಹೋಗಿದ್ರು, ಇವರ ಕಣ್ಣು ಕೆಂಪಗ ಆಗಿದ್ವು. ಬೀಗರು ನಕ್ಕೋತ ಬಾಜೂಕ ಕುಂತು, "ನಾ ಯಾರು?" ಅಂದ್ರು. ಇವರು ಮಾರಿ ತಿರುವಿದ್ರು. "ಏ ಹೇಳ್ರಿ, ನಿಮ್ಮ ಬೀಗ್ರನ್ನೇ ಮರತ್ರೇನು?" ಅಂತ ಗದ್ದ ಹಿಡಿದು ತಮ್ಮ ಕಡಿ ತಿರುವಿಕೊಂಡ್ರು. ಮೂರನೇ ಸಲಕ್ಕ ಇವರ ಕೈಯಾಗಿನ ಚಾದ ಕಪ್ಪು ಬೀಗರ ಮಾರಿ ಮ್ಯಾಲ ಹೋತು. ಬಿಸಿ ಚಾ. ಬೀಗತಿ ಸೆರಗಿನಿಂದ ಗಂಡನ ಮಾರಿ ಒರಸ್ಕೋತ ಒಂದು ಮಾತೂ ಆಡಲಾರದ ಎದ್ದು ಹೊಂಟಳು. ಬೈದಿದ್ರ ಚೊಲೋ ಇತ್ತು. ನಮ್ಮತ್ತಿ ಬಾಗಿಲದಾಗ ಕುಂತು ಬಾಯಿ ಬಾಯಿ ಬಡಕೊಂಡಳು.

ಅವತ್ತಿನಿಂದ ಊರಾಗ ಒಂದೇ ಸುದ್ದಿ, ಕಂಡಕ್ಟರ್‌ಗೆ ಹುಚ್ಚು ಹಿಡದದ ಅಂತ. ಒಬ್ಬರು ದೇವರಿಗೆ ಬೇಡಕೋರಿ ಅಂದ್ರು, ಒಬ್ಬರು ತಾಯಿತ ಕಟ್ಟಸ್ರಿ ಅಂದ್ರು, ಇನ್ನೊಬ್ಬರು ರಾಜೀನಾಮಿ ಬರಸ್ಕೊಟ್ಟು ಕೈ ತೊಳಕೋರಿ ಅಂದ್ರು. ಡಿಪೋದಾಗಿನ ಕ್ಲಾರ್ಕ್ ಒಬ್ಬರು ಪುಣ್ಯಾತ್ಮರು, "ಅಕ್ಕಾರ, ಮೊದಲು ಯಾದಗಿರಿಗೆ ಹೋಗಿ ಅಂಗವಿಕಲರ ಸರ್ಟಿಫಿಕೇಟ್ ಮಾಡಸ್ರಿ, ಅದು ಎಲ್ಲಾದಕ್ಕೂ ಬೇಕಾಗ್ತದ" ಅಂದ್ರು. ನಾ ಇವರನ್ನ ಕರ್ಕೊಂಡು ಯಾದಗಿರಿಗೆ ಹೋದೆ. ಅಲ್ಲಿ ದವಾಖಾನ್ಯಾಗ ಕಾಲಿಲ್ಲದವರು, ಕಣ್ಣಿಲ್ಲದವರು ಸಾಲಿನ್ಯಾಗ ಕುಂತಿದ್ರು. ನಮ್ಮನ್ನ ನೋಡಿ ಒಬ್ಬರು, "ನಿಮ್ಮವರಿಗೇನಾಗ್ಯಾದ್ರಿ, ಗಟ್ಟಿಮುಟ್ಟು ಅದಾರಲ್ಲ?" ಅಂದ್ರು. ನನಗ ಅಳುನೂ ಬಂತು, ಸಿಟ್ಟೂ ಬಂತು. ಹೊರಗ ಕಾಣೋ ಗಾಯ ಆಗಿದ್ರ ಅಷ್ಟು ಮಂದಿಗೆ ನಾ ಬಾಯಿಬಿಟ್ಟು ಹೇಳೋದು ತಪ್ಪತಿತ್ತು.

ನಾವು ಕುಂತಿದ್ದ ಬೆಂಚಿನ ಮ್ಯಾಲ ಹುಣಸಗಿ ಕಡಿ ಒಬ್ಬಾಕಿ ಹೆಣ್ಮಗಳು ಕುಂತಿದ್ದಳು. ಆಕಿ ಗಂಡ ನೆಲ್ಲಿನ ಚೀಲ ಹೇರೋವಾಗ ಟ್ರ್ಯಾಕ್ಟರ್ ಮ್ಯಾಲಿಂದ ತಲಿಕೆಳಗಾಗಿ ಬಿದ್ದಿದ್ದ. ಅವನೂ ನಮ್ಮವರಂಗೇ ನೋಡಾಕ ಬರಾಬರ್ ಇದ್ದ. ಇವರು ಫ್ಯಾನಿನ ಸಪ್ಪಳಕ್ಕ ಕಿವಿ ಮುಚ್ಚಿಕೊಂಡದ್ದು ನೋಡಿ ಆಕಿನೇ ಕೇಳಿದಳು, "ತಲಿಗೆ ಪೆಟ್ಟೇನ್ರೀ ಅಕ್ಕಾ?" ನಾ ಎಲ್ಲಾ ಹೇಳಿದೆ, ಬೀಗರ ಮಾರಿಗೆ ಚಾ ಉಗ್ಗಿದ್ದೂ ಹೇಳಿದೆ. ಆಕಿ ನಗಲಿಲ್ಲ, ಲೊಚಗುಡಲಿಲ್ಲ. "ಇದು ಹುಚ್ಚಲ್ಲಕ್ಕಾ. ನಮ್ಮವನೂ ಹಿಂಗೇ ಮಾಡ್ತಿದ್ದ. ಹೊಲದ ಸಣ್ಣ ಕಾಲುವ್ಯಾಗ ಅಷ್ಟೂ ನೀರು ಒಮ್ಮಿಗೇ ಬಿಟ್ರ ಒಡ್ಡು ನಿಲ್ತದೇನು? ಒಬ್ಬೊಬ್ಬರನ್ನೇ ಬಿಡ್ರಿ. ಬಂದವರು ತಮ್ಮ ಹೆಸರು ತಾವೇ ಮೊದಲು ಹೇಳಬೇಕು. ಮಾತು ಸಣ್ಣದಿರಬೇಕು, ಒಂದು ಸಲಕ್ಕ ಒಂದೇ ಮಾತು." ನೌಕರಿದೂ ಆಕಿನೇ ಹೇಳಿದಳು, ಸರ್ಕಾರಿ ನೌಕರಿಯೊಳಗ ಇರೋರಿಗೆ ಹಿಂಗಾದ್ರ ತೆಗೆಯಂಗಿಲ್ಲ ಅಂತ ಕಾನೂನು ಅದ, ಯಾರು ಹೇಳಿದ್ರೂ ರಾಜೀನಾಮಿ ಕಾಗದಕ್ಕ ಸಹಿ ಮಾಡಬ್ಯಾಡ್ರಿ ಅಂತ. ಆಕಿಗೆ ಅದು ಇನ್ನೊಬ್ಬಾಕಿ ಹೇಳಿದ್ದಂತ. ಬಂದು ಹೋದ ಅಷ್ಟು ಮಂದ್ಯಾಗ ಯಾರ ಕಡಿಂದನೂ ಸಿಗಲಾರದ್ದು ನನಗ ಆ ಬೆಂಚಿನ ಮ್ಯಾಲ ಸಿಕ್ತು. ನಾ ಆಕಿ ಹೆಗಲ ಮ್ಯಾಲ ತಲಿ ಇಟ್ಟು ಗಳಗಳ ಅತ್ತೆ, ಜಾತಿ ಊರು ಏನೂ ಕೇಳಲಾರದ.

ಆಕಿನೇ ಕಲಬುರಗಿಯ ಒಬ್ಬರು ಮೇಡಂ ಹತ್ರ ಕಳಿಸಿದಳು. ಹಿಂಗ ಪೆಟ್ಟು ಬಿದ್ದವರಿಗೆ ಮಾತು ಕಲಸೋರು ಅವರು. ಇವರನ್ನ ಒಂದು ತಾಸು ಕುಂದರಿಸಿಕೊಂಡು ಚಿತ್ರ ತೋರಿಸಿದ್ರು, ಹಾಡು ಹಾಡಿಸಿದ್ರು. ಆಮ್ಯಾಲ ನನ್ನನ್ನ ಕರದ್ರು. "ಮಾತು ಒಳಗ ಅದ, ಹೊರಗ ಬರೋ ದಾರಿ ಮುಚ್ಚಿಹೋಗ್ಯಾದ. ಮಂದಿ ಗದ್ದಲದಾಗ ಹೆದರಿ ಇನ್ನಾ ಒಳಗ ಹೋಗ್ತದ. ಪೂರಾ ಒಬ್ಬರೇ ಇದ್ರೂ ಒಳಗೇ ಉಳೀತದ. ಇಬ್ಬರೋ ಮೂವರೋ, ಅವರಿಗೆ ಸೇರಿದವರು, ಒಬ್ಬೊಬ್ಬರೇ ಬರಬೇಕು, ತಪ್ಪಲಾರದ ಬರಬೇಕು. ಯಾರ ಹತ್ರ ಇವರು ತಾವಾಗೇ ಮಾತಾಡ್ತಾರ?" ಡ್ರೈವರಣ್ಣನ ಹತ್ರ ಅಂತ ನಾ ಥಟ್ಟನ ಹೇಳಿದೆ. ಕ್ಲಚ್ಚಿಂದು ಹೇಳಿದೆ. ಮೇಡಂ ಮಾರಿ ಅರಳಿತು. "ಮತ್ತೇನು! ಅವರನ್ನ ಬಿಡಬ್ಯಾಡ್ರಿ. ನಾ ಕಲಸೋದಕ್ಕಿಂತ ಹೆಚ್ಚಿಂದು ಅವರ ಜೋಡಿ ಕುಂತ್ರ ಬರ್ತದ" ಅಂದ್ರು. ಈ ವರ್ಷ ಕಳೀತಂದ್ರ ಮಾತು ತಿರುಗಿ ಬರೋದು ಕಡಿಮಿ ಅಂತಾನೂ ಹೇಳಿದ್ರು.

ಬಸ್ಸಿನ್ಯಾಗ ಬರೋವಾಗ ನನಗ ಅರ್ಧ ಜೀವ ಬಂದಿತ್ತು. ಮನಿಗೆ ಬಂದು ಅತ್ತಿಗೆ ಹೇಳಿದೆ. ಆಕಿ ತಿಳೀಲಾರದಾಕಿ ಅಲ್ಲ, ಮಗನ ಮ್ಯಾಲ ಜೀವ ಇಟ್ಟಾಕಿ. "ಮಂದಿ ಬಂದು ಅವನಿಗೆ ತ್ರಾಸ ಆಗ್ತದ ಅಂದ್ರ ಬ್ಯಾಡ ಬಿಡು" ಅಂದಳು. "ಆದ್ರ ಬೀಗರನ್ನ ಬಾಗಿಲದಿಂದ ತಿರುಗಿ ಕಳಿಸಿ ಆ ಡ್ರೈವರ್‌ನ ಮಂಚದ ಮ್ಯಾಲ ಕುಂದರಿಸಿದ್ರ ನಾಳಿ ನಿನ್ನ ಮಗಳು ಅತ್ತಿಮನ್ಯಾಗ ತಲಿ ಎತ್ತಿ ಅಡ್ಡಾಡಬಲ್ಲಳೇನು? ಅವನ ಸೋದರಮಾವ ಬರ್ತಾನ, ಅವನಿಗೇನು ಹೇಳ್ತಿ? 'ನಿನಗ ಬಿಡಂಗಿಲ್ಲ, ಆ ಡ್ರೈವರ್‌ಗ ಬಿಡತೀನಿ' ಅಂತೀಯೇನು? ಬಿಟ್ರ ಎಲ್ಲಾರನ್ನೂ ಬಿಡು, ಇಲ್ಲಾ ಯಾರನ್ನೂ ಬಿಡಬ್ಯಾಡ." ಆಕಿ ಹೇಳಿದ್ದು ಸುಳ್ಳಲ್ಲ. ನಮ್ಮ ಮಂದ್ಯಾಗ ಯಾರಿಗೂ ಬಾಗಿಲ ತೆರೀಲಿಲ್ಲ ಅಂದ್ರ ಕಷ್ಟದಾಗ ಅದಾರ ಅಂತ ತಿಳ್ಕೋತಾರ. ಒಬ್ಬರಿಗೆ ತೆರೆದು ಒಬ್ಬರಿಗೆ ಮುಚ್ಚಿದ್ರ ಮಕ್ಕಳ ಕಾಲಕ್ಕೂ ಮರೆಯಂಗಿಲ್ಲ. ಆರಿಸೋದು ನಮಗ ಬರಂಗಿಲ್ಲ. ಲಗ್ನಕ್ಕ ಕರದ್ರ ಊರಿಗೆ ಊರೇ ಕರೀತೀವಿ, ಅದಕ್ಕೇ.

ಹಂಗಾಗಿ ಯಾರನ್ನೂ ಬಿಡಲಿಲ್ಲ. ನಾ ಬಾಗಿಲದಾಗ ಕುರ್ಚಿ ಹಾಕ್ಕೊಂಡು ಕುಂತು ಬಂದವರಿಗೆಲ್ಲಾ ಕೈ ಮುಗಿದು ಹೇಳ್ತಿದ್ದೆ, ಡಾಕ್ಟರು ಬ್ಯಾಡ ಅಂದಾರ್ರೀ, ತಪ್ಪು ತಿಳಕೋಬ್ಯಾಡ್ರಿ. ಚಾ ಹೊರಗೇ ಕೊಟ್ಟೆ. ಆ ವಾರ ಡ್ರೈವರಣ್ಣ ಬಂದ್ರು. ಮೋಟರ್ ಪಾರ್ಟಿನ ಅಂಗಡ್ಯಾಗಿಂದ ಒಂದು ಹಳೇ ಬೇರಿಂಗ್ ತಂದಿದ್ರು, ಕೈಯಾಗ ತಿರುವಿಕೋತ ಇರಲಿ ಅಂತ. ಕಟ್ಟಿ ತನಕ ಬಂದವರಿಗೆ ನಾ ಎದ್ದು ನಿಂತು, "ಅಣ್ಣಾರ, ಜರಾ ದಿನ ಬರಬ್ಯಾಡ್ರಿ, ಯಾರನ್ನೂ ಬಿಡಾಕತ್ತಿಲ್ಲ" ಅಂದೆ. ಅವರು ನನ್ನ ಮಾರಿ ನೋಡಿದ್ರು. ಯಾಕ ಅಂತ ಕೇಳಿದ್ರ ಏನರ ಹೇಳ್ತಿದ್ದೆನೋ ಏನೋ. ಕೇಳಲಿಲ್ಲ. "ಆತು ತಂಗೆಮ್ಮ" ಅಂದು ಬೇರಿಂಗ್ ಕಟ್ಟಿ ಮ್ಯಾಲ ಇಟ್ಟು ಹೋದ್ರು. ತಮ್ಮನ್ನ ಬಾಗಿಲದಾಗ ಯಾಕ ನಿಲ್ಲಿಸಿದ್ರು ಅನ್ನೋದಕ್ಕ ಅವರು ಬ್ಯಾರೇನೇ ಅರ್ಥ ಮಾಡಿಕೊಂಡಿರಬೇಕು. ಕಟ್ಟಿ ಮ್ಯಾಲೇ ಕುಂದರಿಸಿ ಹಂಗ ಮಾಡಿಕೊಳ್ಳಾಕ ನಾವೇ ವರ್ಷಾನುಗಟ್ಟಲೆ ಜಾಗ ಕೊಟ್ಟಿದ್ವಿ.

ಜರಾ ದಿನ ಅಂದದ್ದು ಉದ್ದ ಆತು. ಗದ್ದಲ ನಿಂತ ಮ್ಯಾಲ ಇವರ ಸಿಟ್ಟು ಇಳೀತು, ತಲಿ ನೋವು ಕಡಿಮಿ ಆತು, ತಮ್ಮ ಅಂಗಿ ತಾವು ಹಾಕ್ಕೊಂಡ್ರು. ಹುಣಸಗಿ ಹೆಣ್ಮಗಳು ಹೇಳಿದ ಕಾಗದ ಪತ್ರ ಎಲ್ಲಾ ಡಿಪೋಕ್ಕ ಕೊಟ್ವಿ, ಪಗಾರ ನಿಲ್ಲಲಿಲ್ಲ. ಆಕಿ ಫೋನಿನ್ಯಾಗ ನನ್ನ ಅಳೂನೂ ಕೇಳ್ತಿದ್ದಳು, ಬೈಗಳನೂ ಕೇಳ್ತಿದ್ದಳು. ಎಲ್ಲಾ ಚೊಲೋನೇ ಆತು, ಮಾತೊಂದು ಬಿಟ್ಟು. ಮೇಡಂ ಹತ್ರ ಹೋದಾಗ ನಾಕು ಮಾತು ಬರ್ತಿದ್ವು, ಮನಿಗೆ ಬಂದ್ರ ಎರಡಾಗ್ತಿದ್ವು. ನನ್ನ ಜೋಡಿ ಏನು ಮಾತಾಡ್ತಾರ್ರಿ? ಉಪ್ಪು, ನೀರು, ಗುಳಿಗಿ, ಮಲಗು. "ಡ್ರೈವರ್ ಬರ್ತಾರೇನು?" ಅಂತ ಮೇಡಂ ಕೇಳಿದಾಗೊಮ್ಮಿ, "ಇನ್ನಾ ಜರಾ ದಿನ ಬಿಟ್ಟು" ಅಂತಿದ್ದೆ. ಅಷ್ಟರಾಗ ಡ್ರೈವರಣ್ಣಗ ಯಾದಗಿರಿ ಡಿಪೋಕ್ಕ ಬದಲಿ ಆತು ಅಂತ ಸುದ್ದಿ ಬಂತು. ಮೊದಲನೇ ವರ್ಷ ಹೋತು, ಎರಡನೇದೂ ಹೋತು. ಒಮ್ಮಿ ಬಂದು ಮಾತಾಡಿಸಿದವರದು ಋಣ ತೀರಿದಂಗ ಲೆಕ್ಕ, ಅವರು ಮತ್ತ ಬರಂಗಿಲ್ಲ. ಬಾಗಿಲದಿಂದ ತಿರುಗಿ ಹೋದವರು ಮೊದಲೇ ಬರಂಗಿಲ್ಲ. ನಮ್ಮ ಕಟ್ಟಿ ಮ್ಯಾಲ ಇವರೊಬ್ಬರೇ ಇಸ್ತ್ರಿ ಅಂಗಿ ಹಾಕ್ಕೊಂಡು ಕುಂದರೋರು, ಹೋಗೋ ಬರೋ ಮಂದಿ ಕೈ ಎತ್ತಿ ಮುಂದ ಹೋಗೋರು.

ನಮ್ಮತ್ತಿ ತೀರಿಕೊಂಡ ದಿನ ಬಾಗಿಲ ತೆರೀಲೇಬೇಕಾತು. ಮನಿ ತುಂಬ ಮಂದಿ. ಇವರು ಏನು ಮಾಡ್ತಾರೋ ಅಂತ ಅಂಜಿದ್ದೆ. ಏನೂ ಮಾಡಲಿಲ್ಲ. ಅವ್ವನ ಬಾಜೂಕ ಕುಂತು ಬಂದವರ ಮಾರಿ ಒಂದೊಂದೇ ನೋಡಾಕತ್ತಿದ್ರು. ಬೀಗರು ಬಂದು ಕೈ ಹಿಡಿದ್ರು, ಇವರು ಬಿಡಲಿಲ್ಲ, ಹಿಡಕೊಂಡೇ ಕುಂತ್ರು. ಬೀಗರ ಕಣ್ಣಾಗ ನೀರು. ಆಮ್ಯಾಲೂ ಇವರ ಕಣ್ಣು ಬಾಗಿಲ ಕಡಿನೇ. ಮಣ್ಣು ಮಾಡಿ ಬಂದ ಮ್ಯಾಲ, ಎಲ್ಲಾರು ಹೋದ ಮ್ಯಾಲ, "ಯಾರನ್ನ ನೋಡಾಕತ್ತೀರಿ?" ಅಂತ ಕೇಳಿದೆ. ಮಾತು ಬರಾಕ ಹೊತ್ತಾತು. "ಡ್ರೈವರ್" ಅಂದ್ರು.

ಇಷ್ಟು ವರ್ಷ ಕಾಯಾಕತ್ತಿದ್ರೇನ್ರೀ? ದಿನಾ ಅಂಗಿ ಹಾಕ್ಕೊಂಡು ಕುಂದರೋದು ಅದಕ್ಕೇನು? ಕೇಳಿದ್ರ ಅಷ್ಟು ದೊಡ್ಡ ಮಾತಿಗೆ ಅವರ ಹತ್ರ ಉತ್ತರ ಇರೋದಿಲ್ಲ. ಹುಣಸಗಿ ಹೆಣ್ಮಗಳಿಗೆ ಫೋನ್ ಹಚ್ಚಿದೆ. "ಇನ್ನಾ ಯಾಕ ಕುಂತೀ ಅಕ್ಕಾ? ಹೋಗಿ ಕರ್ಕೊಂಡು ಬಾ. ಇನ್ಯಾರಿಗೆ ಅಂಜತಿ?" ಅಂದಳು. ಆಕಿ ಮಾತು ಕೆನ್ನಿಗೆ ಹೊಡದಂಗ ಆತು, ಆದ್ರ ಖರೇ ಮಾತು. ಕಾರ್ಯ ಮುಗಿದ ಮ್ಯಾಲ ನಾ ಶಿರವಾಳದ ಬಸ್ ಹತ್ತಿದೆ.

ಡ್ರೈವರಣ್ಣ ರಿಟೈರ್ ಆಗಿ ಊರಾಗೇ ಇದ್ರು. ಸಣ್ಣ ಮನಿ, ಗ್ವಾಡಿ ಮ್ಯಾಲ ಬುದ್ಧನ ಫೋಟೋ. ಅವರ ಹೆಂಡತಿ ನನ್ನನ್ನ ನೋಡಿದ್ದೇ ಒಳಗ ಕರದು ಚಾಪಿ ಹಾಸಿದಳು, ನೀರು ಕೊಟ್ಟಳು. ನಾ ಕುಡದೆ. ಹೆಂಗ ಶುರು ಮಾಡಬೇಕು ಅಂತ ಕುಂತಿರೋವಾಗ ಅವರೇ ಕೇಳಿದ್ರು, "ಹೆಂಗದಾನ?" "ನಿಮ್ಮನ್ನ ಕೇಳ್ಯಾರ" ಅಂದೆ. ಅವರು ಹಿಂದಿಂದು ಏನೂ ಎತ್ತಿ ಆಡಲಿಲ್ಲ. ಗೂಟದಾಗಿನ ಅಂಗಿ ತಗೊಂಡ್ರು, ಚಪ್ಪಲ್ ಮೆಟ್ಟಿದ್ರು, ನನಗಿಂತ ಮುಂದ ಹೊಂಟ್ರು. ಬಸ್ಸಿನ್ಯಾಗ ನಾ ಎಲ್ಲಾ ಹೇಳಿಕೊಟ್ಟೆ. ಮೊದಲು ನಿಮ್ಮ ಹೆಸರು ಹೇಳ್ರಿ, ಸಣ್ಣ ಮಾತಾಡ್ರಿ, ಅವರು ಮಾತು ಹುಡಕೋವಾಗ ನಡುವ ಬಾಯಿ ಹಾಕಬ್ಯಾಡ್ರಿ. ಹೂಂ ಹೂಂ ಅಂದ್ರು, ಸಾಲಿ ಹುಡುಗರಂಗ.

ಮನಿಗೆ ಬಂದು ರೂಢಿಯಂಗ ಕಟ್ಟಿ ಹತ್ರ ನಿಂತುಬಿಟ್ರು. "ಒಳಗ ಬರ್ರಿ ಅಣ್ಣಾ" ಅಂದೆ. ಆ ಮಾತು ಹೇಳಾಕ ನನಗ ಅಷ್ಟು ವರ್ಷ ಹಿಡೀತು ನೋಡ್ರಿ. ಬಂದ್ರು. ಮಂಚದ ಮ್ಯಾಲ, ಬಾಜೂಕ ಕುಂತ್ರು. ನಾ ಹೇಳಿಕೊಟ್ಟಂಗ ನಿಧಾನಕ ತಮ್ಮ ಹೆಸರು ಹೇಳಿದ್ರು.

"ಗೊತ್ತದ" ಅಂದ್ರು ಇವರು.

ಆಮ್ಯಾಲ ತುಟಿ ಆಡಸ್ಕೋತ ಕುಂತ್ರು. ಮಾತು ಹುಡಕಾಕತ್ತಾರ ಅಂತ ನನಗ ತಿಳೀತು.

"ನಾ ರೈಟ್ ಅಂದಿದ್ದಿಲ್ಲ" ಅಂದ್ರು. ಮತ್ತ ಹುಡಕಿದ್ರು. "ನೀ ಹೆಂಗ ಹೋದಿ?"

ಡ್ರೈವರಣ್ಣ ತಲಿ ತಗ್ಗಿಸಿದ್ರು. ನನ್ನ ಕಡಿ ತಿರುಗಿ ನೋಡಲಿಲ್ಲ. ಇವರ ಕೈ ತಮ್ಮ ಎರಡೂ ಕೈಯಾಗ ತಗೊಂಡು, "ನಂದೇ ತಪ್ಪಾತು ದೋಸ್ತಾ" ಅಂದ್ರು.

ನನಗ ತಡೀಲಿಲ್ಲ. "ಅವರದಲ್ರೀ," ಅಂದೆ, "ನಾವೇ ಬರಬ್ಯಾಡ ಅಂದಿದ್ವಿ."

ಇವರು ನನ್ನ ಕಡಿ ತಿರುಗಿದ್ರು. ಸಿಟ್ಟಿದ್ದಿಲ್ಲ ಆ ಮಾರ್ಯಾಗ. ತಿಳೀವಲ್ದು, ತಿಳಸು ಅಂತಾರಲ್ಲ, ಹಂಗ ನೋಡಿದ್ರು.

"ಯಾಕ?" ಅಂದ್ರು.

ಉದ್ದ ಹೇಳಿದ್ರ ಅವ್ರಿಗೆ ತಿಳಿಯಂಗಿಲ್ಲ. ಒಂದು ಸಲಕ್ಕ ಒಂದೇ ಮಾತಿನ್ಯಾಗ ಹೇಳಬೇಕು. ಬೀಗರು, ಸೋದರಮಾವ, ಮಗಳ ಮನಿ, ಕೇರಿ, ಎಲ್ಲಾ ಕೂಡಿಸಿ ಒಂದೇ ಮಾತಿನ್ಯಾಗ ಹೇಳೋ ಅಂಥದ್ದು ನನ್ನ ಹತ್ರ ಏನೂ ಇದ್ದಿಲ್ಲ. ಅವರು ಕಾಯಾಕತ್ತಿದ್ರು. ನಾ ಇನ್ನೂ ಹೇಳಿಲ್ಲ.